ಮಸಿ ಹಾಳೆ

ಎರಡನೇ ಮಹಡಿ, ಔಷಧಶಾಸ್ತ್ರ ವಿಭಾಗ, ಕೊನೆಯ ಕೋಣೆ.
ಈಗ ಅಲ್ಲಿ ಹನ್ನೆರಡು ಕಂಪ್ಯೂಟರು.
ಪರದೆಯ ಕಪ್ಪೆ ಸತ್ತರೆ ಒಂದು ಗುಂಡಿ ಒತ್ತಿದರಾಯಿತು,
ಮತ್ತೆ ಮಿಡಿಯುತ್ತದೆ.

ಆಗ ಅಜ್ಜಪ್ಪ ಇದ್ದ.
ಏಳು ಗಂಟೆಗೇ ಬಂದು ಸೀಮೆಎಣ್ಣೆಯ ಹೊಗೆಯಲ್ಲಿ
ಡ್ರಮ್ಮು ತಿರುಗಿಸುತ್ತ, ಅದಕ್ಕೆ ಸುತ್ತಿದ ಬಿಳಿ ಹಾಳೆ
ಮಿಂದ ಎಮ್ಮೆಯ ಬೆನ್ನಿನಂತೆ ಕರ್ರಗಾಗುವತನಕ
ಉಸಿರು ಬಿಗಿಹಿಡಿದು ಕೂರುತ್ತಿದ್ದ.
ಕುಂದವಾಡ ಕೆರೆಯಿಂದ ರಾತ್ರಿಯೇ ತಂದ ಕಪ್ಪೆಗಳು
ಒದ್ದೆ ಗೋಣಿಚೀಲದಲ್ಲಿ ಗೊಣಗುತ್ತಿದ್ದವು.
ತಲೆಯ ಹಿಂದಿನ ಕುಳಿಗೆ ಸೂಜಿ ಇಳಿಸುವುದೂ ಅವನೇ.
ನನ್ನ ಕೈ ನಡುಗುತ್ತಿತ್ತು, ಅವನದಿಲ್ಲ.

ಹೃದಯಕ್ಕೆ ಕೊಕ್ಕೆ, ಕೊಕ್ಕೆಗೆ ದಾರ, ದಾರಕ್ಕೆ ಕಡ್ಡಿ,
ಕಡ್ಡಿಯ ತುದಿ ಮಸಿ ಕೆರೆದು ಬೆಳ್ಳನೆಯ ಗೆರೆ.
ಅಡ್ರಿನಲಿನ್ ಎರಡು ಹನಿ: ಗೆರೆ ಎದ್ದು ಕುಣಿಯಿತು.
ಅಸಿಟೈಲ್‌ಕೋಲೀನ್: ಗೆರೆ ಕುಸಿದು, ನಿಂತು,
ಇಡೀ ತರಗತಿಯೇ ನಿಂತು,
ಉಪ್ಪುನೀರಲ್ಲಿ ತೊಳೆದ ಮೇಲೆ ಒಂದು ಸಣ್ಣ ಮಿಡಿತ.
"ಬಂತ್ರೀ" ಅನ್ನುತ್ತಿದ್ದ ಅಜ್ಜಪ್ಪ, ಬಸ್ಸು ಬಂದಂತೆ.

ಅಟ್ರೋಪಿನ್ ಹಾಕಿದ ಮೇಲೆ ಅದೇ ಮದ್ದು ಯಾಕೆ ನಾಟುವುದಿಲ್ಲ?
ಹಲಗೆಯ ಮೇಲೆ ಬೀಗ ಬರೆದೆ, ಕೀಲಿಕೈ ಬರೆದೆ,
ಗ್ರಾಹಕ ಎಂದೆ. ಅಂಗಡಿಯ ಗಿರಾಕಿ ಎಂದುಕೊಂಡು
ಹಿಂದಿನ ಬೆಂಚು ಆಕಳಿಸಿತು.
ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತವನು ಹೇಳಿದ:
"ಹರಿಹರದ ಬಸ್ಸಿಗೆ ಕಿಟಕ್ಯಾಗಿಂದ ಟವಲ್ ಒಗೀತಾರಲ್ರೀ,
ಟವಲ್ ಎಲ್ಲಿಗೂ ಹೋಗಂಗಿಲ್ಲ,
ಸೀಟು ಮಾತ್ರ ಯಾರಿಗೂ ಸಿಗಂಗಿಲ್ಲ.
ಜನ ಭಾಳ ಆದ್ರ ಟವಲ್ನೂ ಎತ್ತಿ ಒಗೀತಾರ, ಅದು ಬ್ಯಾರೆ."
ಇಪ್ಪತ್ತು ವರ್ಷದಿಂದ ನಾನು ಹಾಗೇ ಪಾಠ ಮಾಡುತ್ತೇನೆ.
ಅವನ ಹೆಸರು ಹೇಳಿದ್ದು ಎರಡು ಸಲವೋ, ಮೂರು ಸಲವೋ.

ನಿವೃತ್ತನಾಗಿ ಆರು ವರ್ಷಕ್ಕೆ, ಮೊನ್ನೆ ಸಿಕ್ಕ,
ಜಯದೇವ ಸರ್ಕಲ್ಲಿನ ಹತ್ತಿರ, ಮಿರ್ಚಿ ಮಂಡಕ್ಕಿ ಗಾಡಿಯ ಮುಂದೆ.
ಪಾದ ಬಾತು ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿತ್ತು.
"ಮಂಡಕ್ಕಿ ಎಲ್ಲಾ ಹಳದಿ ಕಾಣ್ತೈತ್ರೀ ಮೇಡಮ್ಮೋರೆ."
ನಕ್ಕೆ. ಒಗ್ಗರಣೆಗೆ ಅರಿಶಿನ ಸುರಿಯುವ ಊರಲ್ಲಿ
ಮಂಡಕ್ಕಿ ಹಳದಿಯಲ್ಲದೆ ಇನ್ನೇನು ಕಾಣಬೇಕು?
ಅವನು ನಗಲಿಲ್ಲ.
"ಟ್ಯೂಬ್‌ಲೈಟೂ. ನನ್ನ ಅಂಗೀನೂ. ನಿಮ್ಮ ನರೆಗೂದ್ಲೂ."

ಜೇಬಿನಲ್ಲಿ ಎರಡು ಚೀಟಿ, ಇಬ್ಬರು ಡಾಕ್ಟರು.
ಒಂದರಲ್ಲಿ ಮದ್ದಿನ ಹುಟ್ಟುಹೆಸರು, ಇನ್ನೊಂದರಲ್ಲಿ ಕಂಪನಿ ಇಟ್ಟದ್ದು.
ಒಂದೇ ಗುಳಿಗೆ ಎರಡು ವೇಷ ಕಟ್ಟಿ
ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅವನೆದೆಗೆ ಬಂದು ಹೋಗುತ್ತಿತ್ತು.
ಹೋಗುತ್ತಿರಲಿಲ್ಲ, ಅದೇ ತೊಂದರೆ.
ಮುದಿ ಮೂತ್ರಪಿಂಡ ಅದನ್ನು ಸಾಗಹಾಕಲಾರದೆ ಒಳಗೇ ಉಳಿಸಿಕೊಂಡಿತ್ತು.
ಸೋತ ಹೃದಯವನ್ನು ಎಬ್ಬಿಸಿ ನಿಲ್ಲಿಸುವ ಎಲೆಯ ಮದ್ದು;
ಎಬ್ಬಿಸುವುದಕ್ಕೂ ಉರುಳಿಸುವುದಕ್ಕೂ ನಡುವೆ ಕೂದಲೆಳೆ.
ಈ ಮಾತನ್ನೂ ಪ್ರತಿ ವರ್ಷ ಹೇಳುತ್ತೇನೆ, ಪರೀಕ್ಷೆಗೆ ಬರುತ್ತದೆಂದು.

ವಾರ್ಡಿನಲ್ಲಿ ಗುಳಿಗೆ ನಿಲ್ಲಿಸಿದರು.
ಅರ್ಧ ಇಳಿಯಲು ಮೂರು ದಿನ,
ಉಳಿದರ್ಧದಲ್ಲಿ ಅರ್ಧಕ್ಕೆ ಮತ್ತೆ ಮೂರು.
ಅವನು ಮಲಗಿದಲ್ಲೇ ಗೋಡೆ ನೋಡಿ ವರದಿ ಕೊಟ್ಟ:
ಇವತ್ತು ನಿಂಬೆಹಣ್ಣು ಐತಿ. ಇವತ್ತು ಬೆಣ್ಣಿ.
ಎಂಟನೇ ದಿನ: ಹಾಲಾತ್ರೀ, ಸ್ವಲ್ಪ ಒಡದ ಹಾಲು.

ಇಸಿಜಿಯ ಗುಲಾಬಿ ಹಾಳೆ ಕೊಟ್ಟಾಗ
ಎರಡೇ ಬೆರಳಲ್ಲಿ ಅಂಚು ಹಿಡಿದ, ಮಸಿ ಅಳಿಸೀತೆಂಬಂತೆ.
ಬಹಳ ಹೊತ್ತಿನ ಮೇಲೆ ಕೇಳಿದ:
"ಇದನ್ನ ಕಪ್ಪಿಗೂ ಕೊಡ್ತಿದ್ವಲ್ರೀ.
ಅದಕ್ಕೂ ಹಳದಿ ಕಂಡಿರಬಹುದಾ?"

ಇಲ್ಲ ಎನ್ನಬಹುದಿತ್ತು. ಕಾಣುವುದಕ್ಕೆ ಮಿದುಳು ಬೇಕು.
ಸೂಜಿ ಇಳಿಸುತ್ತಿದ್ದವನಿಗೆ ಅದು ಗೊತ್ತಿಲ್ಲವೆ?
ನಾನು ಹಾಳೆ ಇಸಿದುಕೊಂಡು ಮಡಿಸತೊಡಗಿದೆ.
"ಮಡಿಚಬ್ಯಾಡ್ರೀ" ಅಂದ, "ಗೆರಿ ಮುರೀತತಿ."